ಮಗುವಿನ ಎತ್ತರ, ಪಾರ್ಕಿನ ಗೆರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆ ಶುರುವಾಯಿತೆಂದರೆ ನನಗೆ ಒಂದೇ ಥರದ ಫೋನು ಬರುತ್ತವೆ. "ನಮ್ಮ ಪುಟ್ಟನಿಗೆ ಈಗ ನಾಲ್ಕು. ಬಿಡದಿಯ ವಂಡರ್‌ಲಾ ಪಾರ್ಕಿಗೆ ಕರೆದುಕೊಂಡು ಹೋದರೆ ಏನಕ್ಕಾದರೂ ಹತ್ತಿಸುತ್ತಾರಾ, ಇಲ್ಲ ಸುಮ್ನೆ ದುಡ್ಡು ದಂಡನಾ?" ಎರಡು ಮಕ್ಕಳನ್ನು ಕಟ್ಟಿಕೊಂಡು ನಾಲ್ಕೈದು ಸಲ ಹೋಗಿ ಬಂದವಳು ಅನ್ನುವುದೊಂದೇ ನನ್ನ ಅರ್ಹತೆ. ಮಗಳಿಗೆ ಈಗ ಎಂಟು, ಮಗನಿಗೆ ಐದು. ಇಬ್ಬರಲ್ಲಿ ಒಬ್ಬರನ್ನಾದರೂ ಎತ್ತರ ಸಾಲದೆಂದು ಯಾವುದಾದರೂ ರೈಡಿನ ಬಾಗಿಲಿಂದ ವಾಪಸ್ ಕಳಿಸದ ದಿನ ನಮ್ಮ ಲೆಕ್ಕದಲ್ಲಿಲ್ಲ. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ವಯಸ್ಸು ಬಿಟ್ಟು ಎತ್ತರವನ್ನೇ ಯಾಕೆ ನೋಡುತ್ತಾರೆ?

ಬೆಲ್ಟಿಗೆ, ಬಾರಿಗೆ ವಯಸ್ಸು ಗೊತ್ತಾಗುವುದಿಲ್ಲ, ಅದಕ್ಕೆ. ರೈಡಿನ ಸೀಟನ್ನು ಇಷ್ಟರಿಂದ ಇಷ್ಟು ಅಳತೆಯ ದೇಹಕ್ಕೆ ಅಂತಲೇ ಮಾಡಿರುತ್ತಾರೆ. ಬೆನ್ನು ಒರಗಬೇಕು, ಮಂಡಿ ಸೀಟಿನ ಅಂಚಿಗೆ ಬಂದು ಮಡಚಬೇಕು, ಬಾರ್ ತೊಡೆಯ ಮೇಲೆ ಬಿಗಿಯಾಗಿ ಕೂರಬೇಕು, ಹಿಡಿ ಕೈಗೆ ಸಿಗಬೇಕು. ಇದರಲ್ಲಿ ಒಂದು ತಪ್ಪಿದರೂ ಮಗು ಬಾರಿನ ಕೆಳಗಿಂದ ಮುಂದಕ್ಕೆ ಜಾರುತ್ತದೆ.

ಕೊಲಂಬಸ್ ನೆನಪು ಮಾಡಿಕೊಳ್ಳಿ. ಹಡಗಿನ ಹಾಗೆ ತೂಗುತ್ತಲ್ಲ, ಅದು. ಅದರಲ್ಲಿ ಸಾಮಾನ್ಯವಾಗಿ ಒಂದು ಸಾಲಿಗೆ ಒಂದೇ ಬಾರ್. ಅದು ಸಾಲಿನಲ್ಲಿ ಎಲ್ಲರಿಗಿಂತ ದಪ್ಪ ಇರುವವರ ತೊಡೆಗೆ ತಾಗಿ ನಿಂತುಬಿಡುತ್ತದೆ. ಪಕ್ಕದಲ್ಲಿ ಕೂತ ಮಗುವಿನ ತೊಡೆಗೂ ಬಾರಿಗೂ ನಡುವೆ ಒಂದು ಗೇಣು ಜಾಗ ಉಳಿದಿರುತ್ತದೆ. ಹಡಗು ಮೇಲೆ ಹೋಗಿ ಕೆಳಗೆ ಬೀಳುವಾಗ ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂತಾಗುತ್ತದೆ ಅಲ್ವಾ? ಆಗ ದೇಹ ಸೀಟಿನಿಂದ ಮೇಲೇಳುತ್ತಿರುತ್ತದೆ. ನಮ್ಮನ್ನು ಬಾರ್ ತಡೆಯುತ್ತದೆ. ಮಗುವಿಗೆ ಆ ಬಾರ್ ಇದ್ದೂ ಇಲ್ಲದ ಹಾಗೆ.

ಇನ್ನೊಂದು ಕಾರಣ ತಲೆ. ಹುಟ್ಟಿದಾಗ ಮಗುವಿನ ತಲೆ ಅದರ ಉದ್ದದ ಕಾಲು ಭಾಗ ಇರುತ್ತದೆ. ದೊಡ್ಡವರಲ್ಲಿ ಎಂಟನೇ ಒಂದು ಭಾಗದ ಹತ್ತಿರ. ಅಂದರೆ ಚಿಕ್ಕ ಮಕ್ಕಳದು ದೊಡ್ಡ ತಲೆ, ಎಳೆ ಕತ್ತು. ಜೋರಾಗಿ ತಿರುಗಿಸುವ, ಧಡಕ್ ಎಂದು ನಿಲ್ಲುವ ರೈಡಿನಲ್ಲಿ ಕತ್ತಿಗೆ ಬೀಳುವ ಹೊರೆ ನಮಗಿಂತ ಅವರಿಗೆ ಜಾಸ್ತಿ. ಭುಜದ ಮೇಲಿಂದ ಬರುವ ಲಾಕ್ ಇದ್ದರೆ ಅದು ಗಿಡ್ಡ ಮಗುವಿನ ಭುಜಕ್ಕೆ ಕೂರದೆ ಕಿವಿಗೋ ಗಲ್ಲಕ್ಕೋ ಬಡಿಯುತ್ತದೆ.

ಬುದ್ಧಿಯ ಲೆಕ್ಕವೂ ಇದೆ. "ಕೈ ಹೊರಗೆ ಹಾಕಬೇಡ, ಮಧ್ಯದಲ್ಲಿ ಏಳಬೇಡ" ಎಂದರೆ ಎರಡು ನಿಮಿಷ ನೆನಪಿಟ್ಟುಕೊಳ್ಳುವ ವಯಸ್ಸಾಗಿರಬೇಕು. ಅದನ್ನು ಅಳೆಯುವ ಟೇಪು ಯಾರ ಹತ್ತಿರವೂ ಇಲ್ಲ. ಎತ್ತರ ಬಂದಿದ್ದರೆ ಅಷ್ಟಿಷ್ಟು ಬುದ್ಧಿಯೂ ಬಂದಿರುತ್ತದೆ ಅನ್ನುವ ಅಂದಾಜು, ಅಷ್ಟೆ.

ಈ ಗೆರೆಯನ್ನು ಯಾರು ಎಳೆಯುತ್ತಾರೆ? ಪಾರ್ಕಿನವರೇ ಮನಸ್ಸಿಗೆ ಬಂದಂತೆ ಬರೆಯುತ್ತಾರಾ?

ಇಲ್ಲ. ರೈಡ್ ತಯಾರಿಸಿದ ಕಂಪನಿ ಆ ರೈಡಿಗೆ ಇಷ್ಟು ಎತ್ತರ ಬೇಕು ಎಂದು ಕೈಪಿಡಿಯಲ್ಲಿ ಕೊಟ್ಟಿರುತ್ತದೆ. ಪಾರ್ಕಿನವರು ಬೇಕಾದರೆ ಅದಕ್ಕಿಂತ ಬಿಗಿ ಮಾಡಬಹುದು. ಸಡಿಲ ಮಾಡುವ ಹಾಗಿಲ್ಲ. ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋ ಇಂಥ ರೈಡುಗಳ ಸುರಕ್ಷತೆಗೆಂದೇ ಐಎಸ್ 15475 ಎಂಬ ಮಾನಕ ಮಾಡಿದೆ. ಅಂತರರಾಷ್ಟ್ರೀಯ ಮಟ್ಟದ್ದು ಐಎಸ್ಒ 17842. ಗೇಟಿನಲ್ಲಿ ಕೋಲು ಹಿಡಿದು ನಿಂತ ಹುಡುಗನ ಕೈಯಲ್ಲಿ ಏನೂ ಇಲ್ಲ. ಅವನ ಜೊತೆ ಜಗಳ ಕಾಯುವುದು ಕಂಡಕ್ಟರ್ ಜೊತೆ ಬಸ್ ದರದ ಬಗ್ಗೆ ಜಗಳ ಕಾದಂತೆ.

ಸಾಮಾನ್ಯವಾಗಿ ಯಾವ ರೈಡಿಗೆ ಎಷ್ಟು ಎತ್ತರ ಬೇಕು?

ರೈಡಿನಿಂದ ರೈಡಿಗೆ ಬೇರೆ. ಒಂದೇ ಪಾರ್ಕಿನೊಳಗೂ ಬೇರೆ. ಎಲ್ಲ ಕಡೆ ನಡೆಯುವ ಒಂದೇ ಸಂಖ್ಯೆ ಅಂತ ಇಲ್ಲ. ನಿಧಾನಕ್ಕೆ ಸುತ್ತುವ ಪುಟಾಣಿ ರೈಡುಗಳು 90 ಸೆಂ.ಮೀ. ಆಸುಪಾಸಿನಲ್ಲಿ ಶುರುವಾಗುತ್ತವೆ. ಮನೆಯವರೆಲ್ಲ ಕೂರುವಂಥವು 100ರಿಂದ 120ರೊಳಗೆ. ತಲೆಕೆಳಗು ಮಾಡುವ ಭಯಂಕರದವು 120ರಿಂದ 140ರವರೆಗೆ ಕೇಳುತ್ತವೆ.

ಹೋಲಿಕೆಗೆ ಹೊರದೇಶದ ಎರಡು ಹೇಳುತ್ತೇನೆ. ಫ್ಲಾರಿಡಾದ ಡಿಸ್ನಿಯ ಸ್ಪೇಸ್ ಮೌಂಟನ್‌ಗೆ 44 ಇಂಚು, ಅಂದರೆ 112 ಸೆಂ.ಮೀ. ಅದೇ ಊರಿನ ಯೂನಿವರ್ಸಲ್‌ನ ಹಲ್ಕ್ ಕೋಸ್ಟರ್‌ಗೆ 54 ಇಂಚು, 137 ಸೆಂ.ಮೀ. ನಮ್ಮವರು ಸುಮ್ಮಸುಮ್ಮನೆ ಕಟ್ಟುನಿಟ್ಟು ಮಾಡುತ್ತಿಲ್ಲ ಎಂದು ಇದರಿಂದಲೇ ಗೊತ್ತಾಗುತ್ತದೆ.

ಹೆಚ್ಚಿನ ಕಡೆ ಮೂರು ಥರದ ಫಲಕ ಇರುತ್ತವೆ: ಇಷ್ಟಕ್ಕಿಂತ ಕಮ್ಮಿ ಇದ್ದರೆ ಬೇಡ, ಇಷ್ಟರೊಳಗಿದ್ದರೆ ದೊಡ್ಡವರ ಜೊತೆ, ಇಷ್ಟರ ಮೇಲಿದ್ದರೆ ಒಬ್ಬರೇ. ಮಧ್ಯದ್ದನ್ನು ನಾವು ಓದುವುದೇ ಇಲ್ಲ. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು, ಕೊನೆಗೆ "ಜೊತೆಗೆ ಯಾರಾದರೂ ಬನ್ನಿ ಮೇಡಂ" ಎಂದಾಗ ಅಪ್ಪ ಎಲ್ಲೋ ಚುರುಮುರಿ ತಿನ್ನುತ್ತಿರುತ್ತಾರೆ.

ನನ್ನ ಮಗುವಿಗೆ ಇಷ್ಟು ವಯಸ್ಸು. ಯಾವ ಗೆರೆ ದಾಟಬಹುದು?

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಐದು ವರ್ಷದೊಳಗಿನ ಮಕ್ಕಳ ಬೆಳವಣಿಗೆಯ ಪಟ್ಟಿ ತಂದಿತು. ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ್ದು, ಅದರಲ್ಲಿ ದೆಹಲಿಯ ಮಕ್ಕಳೂ ಇದ್ದರು. ದೊಡ್ಡ ಮಕ್ಕಳಿಗೆ 2007ರಲ್ಲಿ ಇನ್ನೊಂದು ಪಟ್ಟಿ ಬಂತು. ಅವುಗಳ ಪ್ರಕಾರ ನಡುಮಟ್ಟದ ಎತ್ತರ ಹೀಗೆ: 3 ವರ್ಷ ತುಂಬಿದಾಗ ಗಂಡುಮಗುವಿಗೆ 96 ಸೆಂ.ಮೀ., ಹೆಣ್ಣುಮಗುವಿಗೆ 95. 4ಕ್ಕೆ ಇಬ್ಬರಿಗೂ 103ರ ಹತ್ತಿರ. 5ಕ್ಕೆ 110 ಮತ್ತು 109. 6ಕ್ಕೆ 116 ಮತ್ತು 115. 7ಕ್ಕೆ 122 ಮತ್ತು 121. 10ಕ್ಕೆ 138 ಮತ್ತು 139. ಹತ್ತರ ಹೊತ್ತಿಗೆ ಹುಡುಗಿಯರೇ ಮುಂದೆ. ನಮ್ಮ ಮನೆಯಲ್ಲಿ ಈ ಸಾಲನ್ನು ಮಗಳಿಗೆ ತೋರಿಸಿದ್ದು ತಪ್ಪಾಯಿತು, ತಮ್ಮನಿಗೆ ದಿನಾ ಹೇಳುತ್ತಾಳೆ.

ನಡುಮಟ್ಟ ಎಂದರೆ ಅರ್ಧದಷ್ಟು ಮಕ್ಕಳು ಇದಕ್ಕಿಂತ ಗಿಡ್ಡ, ಇನ್ನರ್ಧ ಉದ್ದ. ಐದು ವರ್ಷದ ಆರೋಗ್ಯವಂತ ಹುಡುಗ 101 ಸೆಂ.ಮೀ. ಇರಬಹುದು, 119 ಕೂಡ ಇರಬಹುದು. ಅಪ್ಪ ಅಮ್ಮ ಗಿಡ್ಡಗಿದ್ದರೆ ಮಗುವೂ ಹಾಗೇ. ಪಕ್ಕದ ಮನೆಯ ಓರಗೆಯವನು ಹತ್ತಿದ, ನಮ್ಮವನು ಹತ್ತಲಿಲ್ಲ ಎಂದರೆ ಹಾರ್ಲಿಕ್ಸ್ ಸಾಲಲಿಲ್ಲ ಎಂದೇನೂ ಅರ್ಥವಲ್ಲ. ಅಜ್ಜಿಯರಿಗೆ ಇದನ್ನು ಮೊದಲೇ ಹೇಳಿಡಿ.

ಒಟ್ಟಿನಲ್ಲಿ 120ರ ಗೆರೆ ಏಳರ ಹತ್ತಿರ ಬರುತ್ತದೆ, 140ರದು ಹತ್ತು ದಾಟಿದ ಮೇಲೆ. ಐದು ವರ್ಷದ ಮಗುವಿಗೆ ರೋಲರ್ ಕೋಸ್ಟರ್ ಆಸೆ ತೋರಿಸಿ ಕರೆದೊಯ್ದರೆ ಜಗಳ ಮನೆಯಿಂದಲೇ ಶುರುವಾದಂತೆ.

ಮನೆಯಲ್ಲಿ ಸರಿಯಾಗಿ ಅಳೆಯುವುದು ಹೇಗೆ?

ಇದನ್ನು ದಯವಿಟ್ಟು ಮಾಡಿ. ಹೋಗುವ ಮುನ್ನಾ ದಿನ ಐದು ನಿಮಿಷದ ಕೆಲಸ.

ಗೋಡೆಯ ಕೆಳಗೆ ಟೈಲ್ಸಿನ ಪಟ್ಟಿ ಉಬ್ಬಿಕೊಂಡಿರುವ ಕಡೆ ಬೇಡ, ಹಿಮ್ಮಡಿ ಗೋಡೆಗೆ ತಾಗುವುದಿಲ್ಲ. ಬಾಗಿಲಿನ ಚೌಕಟ್ಟು ಒಳ್ಳೆಯದು. ಬರಿಗಾಲಲ್ಲಿ ನಿಲ್ಲಿಸಿ. ಹಿಮ್ಮಡಿ, ಕುಂಡೆ, ತಲೆಯ ಹಿಂಭಾಗ ತಾಗಿರಲಿ. ಜುಟ್ಟು ಬಿಚ್ಚಿ. ಮಗು ಮೇಲೆ ನೋಡಬಾರದು, ಕೆಳಗೂ ನೋಡಬಾರದು. ಕಣ್ಣಿನ ಕೆಳಅಂಚೂ ಕಿವಿಯ ತೂತೂ ಒಂದೇ ಮಟ್ಟದಲ್ಲಿರಬೇಕು. ಪರೀಕ್ಷೆಗೆ ಒಯ್ಯುವ ರಟ್ಟಿನ ಪ್ಯಾಡ್ ಇದೆಯಲ್ಲ, ಅದನ್ನು ತಲೆಯ ಮೇಲೆ ಗೋಡೆಗೆ ನೇರವಾಗಿ ಇಟ್ಟು, ಅದರ ಕೆಳಗೆ ಪೆನ್ಸಿಲ್ ಗೆರೆ ಹಾಕಿ. ಮಗುವನ್ನು ಕಳಿಸಿ ಆಮೇಲೆ ಅಳೆಯಿರಿ. ಕಬ್ಬಿಣದ ಟೇಪಿದ್ದರೆ ವಾಸಿ. ಟೈಲರ್ ಟೇಪು ಹಳೆಯದಾದಂತೆ ಎಳೆದುಕೊಂಡಿರುತ್ತದೆ. ಎರಡು ಸಲ ಅಳೆದು ಕಮ್ಮಿ ಬಂದದ್ದನ್ನೇ ನಂಬಿ.

ಎರಡು ವರ್ಷದೊಳಗೆ ಡಾಕ್ಟರು ಮಗುವನ್ನು ಮಲಗಿಸಿ ಅಳೆದಿರುತ್ತಾರೆ. ಮಲಗಿಸಿ ಅಳೆದದ್ದು ನಿಲ್ಲಿಸಿ ಅಳೆದದ್ದಕ್ಕಿಂತ ಸುಮಾರು 0.7 ಸೆಂ.ಮೀ. ಜಾಸ್ತಿ ಬರುತ್ತದೆ. ಹಳೆಯ ಕಾರ್ಡಿನ ಲೆಕ್ಕ ಇಟ್ಟುಕೊಂಡು ಹೊರಡಬೇಡಿ.

ಅಡಿ ಲೆಕ್ಕದವರಿಗೆ: 90 ಸೆಂ.ಮೀ. ಅಂದರೆ ಮೂರು ಅಡಿಗೆ ಸುಮಾರು ಅರ್ಧ ಇಂಚು ಕಮ್ಮಿ. 120 ಅಂದರೆ ನಾಲ್ಕು ಅಡಿಗೆ ಮುಕ್ಕಾಲು ಇಂಚು ಕಮ್ಮಿ. 140 ಅಂದರೆ ನಾಲ್ಕು ಅಡಿ ಏಳು ಇಂಚು.

ಬೆಳಿಗ್ಗೆ ಸರಿಯಾಗಿ ಬಂದ ಎತ್ತರ ಮಧ್ಯಾಹ್ನ ಕಮ್ಮಿ ಬಂತು. ಮೋಸ ಮಾಡಿದರಾ?

ಮೋಸವಲ್ಲ, ಬೆನ್ನುಮೂಳೆ. ರಾತ್ರಿ ಮಲಗಿದಾಗ ಬೆನ್ನಿನ ಮೂಳೆಗಳ ನಡುವಿನ ಮೆತ್ತೆಗಳು ನೀರು ಹೀರಿ ಉಬ್ಬುತ್ತವೆ. ಎದ್ದು ಓಡಾಡಿದ ಮೇಲೆ ಅದುಮಿಕೊಳ್ಳುತ್ತವೆ. ಮಕ್ಕಳಲ್ಲೂ ಅರ್ಧದಿಂದ ಒಂದು ಸೆಂಟಿಮೀಟರಿನಷ್ಟು ಇಳಿಯುತ್ತದೆ, ಅದರಲ್ಲಿ ಹೆಚ್ಚಿನದು ಎದ್ದ ಮೊದಲ ಕೆಲವೇ ಗಂಟೆಗಳಲ್ಲಿ. ಹಾಗಾಗಿ ಗೆರೆಯ ಮೇಲೇ ನಿಂತಿರುವ ಮಗುವಿದ್ದರೆ ಆ ರೈಡಿಗೆ ಬೆಳಿಗ್ಗೆ ಮೊದಲೇ ಹೋಗಿ. ನೀರಿನ ಆಟ ಮಧ್ಯಾಹ್ನಕ್ಕಿರಲಿ.

ಶೂ ಹಾಕಿಸಿ ನಿಲ್ಲಿಸಬಹುದಾ?

ಕೆಲವು ಕಡೆ ಶೂ ಸಮೇತ ಅಳೆಯುತ್ತಾರೆ, ಕೆಲವು ಕಡೆ ಬಿಚ್ಚಿಸುತ್ತಾರೆ. ಮಾಮೂಲಿ ಶೂ ಎಂದರೆ ಪರವಾಗಿಲ್ಲ. ದಪ್ಪ ಅಟ್ಟೆಯ ಚಪ್ಪಲಿ, ಶೂ ಒಳಗೆ ಮಡಚಿದ ಕರವಸ್ತ್ರ, ನೆತ್ತಿಯ ಮೇಲೆ ಎತ್ತಿ ಕಟ್ಟಿದ ಜುಟ್ಟು, ಇವೆಲ್ಲ ಅವರು ನೋಡಿ ನೋಡಿ ಬೇಸತ್ತ ಆಟಗಳು. ಪತ್ತೆ ಆಗದಿದ್ದರೂ ಅಟ್ಟೆ ಎತ್ತರ ಮಾಡುವುದು ಕಾಲನ್ನು ಮಾತ್ರ. ಕೂತ ಮೇಲೆ ಬಾರ್ ತೊಡೆಗೆ ಬರುತ್ತದೆ, ಲಾಕ್ ಭುಜಕ್ಕೆ ಬರುತ್ತದೆ. ಅಲ್ಲಿ ಅಟ್ಟೆಯ ಕೆಲಸ ಏನಿದೆ?

ಒಂದೇ ಒಂದು ಸೆಂಟಿಮೀಟರ್ ಕಮ್ಮಿ. ಕೇಳಿಕೊಂಡರೆ ಬಿಡಲ್ವಾ?

ಬಿಡುವುದಿಲ್ಲ, ಬಿಡಲೂಬಾರದು. ನಮ್ಮ ಕಥೆ ಹೇಳುತ್ತೇನೆ.

ಎರಡು ವರ್ಷದ ಹಿಂದೆ, ಒಂದು ಪಾರ್ಕಿನಲ್ಲಿ. ಮಗಳಿಗೆ 119, ಬೋರ್ಡಿನಲ್ಲಿ 120. ನಮ್ಮನೆಯವರು ಸ್ವಭಾವತಃ ಮೆತ್ತಗಿನವರು. ಅವತ್ತು ಏನು ಬಂತೋ, "ನೋಡಪ್ಪಾ, ಮುಂದಿನ ತಿಂಗಳು ಬಂದರೆ ಬಿಡುತ್ತೀಯ ತಾನೆ? ಇವತ್ತೇ ಬಿಡು" ಎಂದು ಶುರು ಮಾಡಿದರು. ಆ ಹುಡುಗ "ಆಗಲ್ಲ ಸರ್" ಎಂದ. ಇವರು ಟಿಕೆಟ್ ದರ ಎತ್ತಿದರು. ಹಿಂದಿದ್ದವರು ಕೂಗಾಡಿದರು. ಹತ್ತು ನಿಮಿಷ ಹೀಗೆ. ಮಗಳು ಕಂಬಕ್ಕೆ ಒರಗಿ, ಹಿಮ್ಮಡಿ ಎತ್ತಿ, ಉಸಿರು ಹಿಡಿದು ನಿಂತೇ ಇದ್ದಳು. ಎಲ್ಲರೂ ಅವಳ ತಲೆಯನ್ನೇ ನೋಡುತ್ತಿದ್ದರು. ಆಮೇಲೆ ಅತ್ತಿದ್ದು ರೈಡ್ ಸಿಗಲಿಲ್ಲ ಎಂದಲ್ಲ. "ಅಮ್ಮಾ, ನಾನು ಸರಿಯಾಗಿ ಬೆಳೆದಿಲ್ವಾ?" ಎಂದು ಕೇಳಿದಳು.

ಆ ಹತ್ತು ನಿಮಿಷ ಬೆಳೆಸಿದ್ದು ಆ ಹುಡುಗ ಅಲ್ಲ, ನಾವು. "ಸರಿ ಅಣ್ಣ" ಎಂದು ಬಂದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಅವಳಿಗೆ ಆಗ ಹೇಳಬೇಕಿದ್ದದ್ದನ್ನು ಮನೆಗೆ ಬರುವಾಗ ಕಾರಿನಲ್ಲಿ ಹೇಳಿದೆ: "ಅವರು ನಿನ್ನನ್ನಲ್ಲ ಅಳೆದದ್ದು, ಸೀಟು ನಿನಗೆ ದೊಡ್ಡದಾ ಅಂತ ನೋಡಿದ್ದು. ಅಂಗಡಿಯಲ್ಲಿ ಚಪ್ಪಲಿ ದೊಡ್ಡದಾದರೆ ನೀನು ಅಳುತ್ತೀಯಾ?" ಈಗ ಪ್ರತಿ ಸಲ ಹೊರಡುವ ಮುಂಚೆಯೇ ಇದನ್ನು ಹೇಳುತ್ತೇನೆ.

ಲೆಕ್ಕಕ್ಕೆ: ನಾಲ್ಕು ವರ್ಷದ ನಂತರ ಮಕ್ಕಳು ವರ್ಷಕ್ಕೆ ಐದಾರು ಸೆಂ.ಮೀ. ಬೆಳೆಯುತ್ತಾರೆ. ಮೂರು ಸೆಂ.ಮೀ. ಕಮ್ಮಿ ಎಂದರೆ ಆರು ತಿಂಗಳು. ಬೇಸಿಗೆ ರಜೆಯಲ್ಲಿ ಸಿಗದ್ದು ದಸರಾ ರಜೆಗೆ ಸಿಗುತ್ತದೆ.

ತೊಡೆ ಮೇಲೆ ಕೂರಿಸಿಕೊಂಡು ಹೋದರೆ?

ಬೇಡ. ಇದು ಗೇಟಿನ ನಿಯಮಕ್ಕಿಂತ ದೊಡ್ಡ ವಿಷಯ, ಬಡಾವಣೆ ಪಾರ್ಕಿನ ಜಾರುಬಂಡೆಗೂ ಅನ್ವಯಿಸುತ್ತದೆ.

ರೈಡ್ ತಿರುವಿನಲ್ಲಿ ಎಳೆದಾಗ ಮಗುವಿನ ತೂಕ ಎರಡು ಮೂರು ಪಟ್ಟಾದಂತೆ ಅನಿಸುತ್ತದೆ. ಹದಿನೈದು ಕಿಲೋದ ಮಗು ಮೂವತ್ತು, ನಲವತ್ತೈದು ಕಿಲೋ. ಅಷ್ಟನ್ನು ಕೈಯಲ್ಲಿ ತಡೆಯುತ್ತೇವೆ ಎನ್ನುವುದು ನಮ್ಮ ಭ್ರಮೆ. ಬಾರ್ ನಮ್ಮಿಬ್ಬರನ್ನೂ ಸೇರಿಸಿ ಒತ್ತಿದರೆ ನಮ್ಮ ಭಾರ ಮಗುವಿನ ಹೊಟ್ಟೆಯ ಮೇಲೆ.

ಜಾರುಬಂಡೆಯ ವಿಷಯ ಇನ್ನೂ ಸೂಕ್ಷ್ಮ. ಒಂದರಿಂದ ಮೂರು ವರ್ಷದ ಮಕ್ಕಳಿಗೆ ಮೊಣಕಾಲಿನ ಕೆಳಗಿನ ಮೂಳೆ ಬಿರುಕು ಬಿಡುವುದಕ್ಕೆ ಮಕ್ಕಳ ಮೂಳೆ ಡಾಕ್ಟರುಗಳು ಬಲ್ಲ ಒಂದು ಕಾರಣ ಇದೇ: ಅಪ್ಪನ ತೊಡೆಯ ಮೇಲೆ ಕೂತು ಜಾರುವುದು. ಮಗು ಒಂದೇ ಜಾರಿದರೆ ಅದರ ಶೂ ಅಂಚಿಗೆ ಸಿಕ್ಕಿಕೊಂಡಾಗ ನಿಂತುಬಿಡುತ್ತದೆ. ಅಪ್ಪನ ತೊಡೆಯ ಮೇಲಿದ್ದರೆ ಕಾಲು ಅಲ್ಲೇ ಸಿಕ್ಕಿ, ಇಬ್ಬರ ತೂಕವೂ ಕೆಳಗೆ ಎಳೆಯುತ್ತದೆ. ಕಾಲು ತಿರುಚಿಕೊಳ್ಳುತ್ತದೆ. ನಾವು ಹುಷಾರಾಗಿರಲಿ ಎಂದು ಮಾಡುವುದೇ ತಿರುಗಿ ಹೊಡೆಯುತ್ತದೆ. ಒಂದೇ ಜಾರಲು ಧೈರ್ಯವಿಲ್ಲದ ಮಗುವಿಗೆ ಆ ಜಾರುಬಂಡೆ ಇನ್ನೂ ದೊಡ್ಡದು, ಅಷ್ಟೆ.

ಎತ್ತರ ಸರಿ ಇದೆ. ತೂಕವನ್ನೂ ನೋಡುತ್ತಾರಾ?

ಕೆಲವಕ್ಕೆ ನೋಡುತ್ತಾರೆ, ಮೇಲಿನ ಮಿತಿಗೆ. 2022ರ ಮಾರ್ಚಿನಲ್ಲಿ ಅಮೆರಿಕದ ಆರ್ಲ್ಯಾಂಡೊದಲ್ಲಿ ಎತ್ತರದಿಂದ ಬೀಳಿಸುವ ರೈಡಿನಿಂದ 14 ವರ್ಷದ ಹುಡುಗನೊಬ್ಬ ಜಾರಿ ತೀರಿಕೊಂಡ. ಎತ್ತರಕ್ಕೇನೂ ಕಮ್ಮಿ ಇರಲಿಲ್ಲ. ಆ ರೈಡಿನ ತೂಕದ ಮಿತಿ 130 ಕಿಲೋ ಇತ್ತು, ಹುಡುಗನ ತೂಕ ಅದಕ್ಕಿಂತ ಬಹಳ ಜಾಸ್ತಿ ಇತ್ತು. ಆ ಸೀಟಿನ ಸೆನ್ಸರನ್ನು ಕೈಯಿಂದ ಸಡಿಲ ಮಾಡಿದ್ದು ತನಿಖೆಯಲ್ಲಿ ಗೊತ್ತಾಯಿತು. ಹಾಗಾಗಿ ದೊಡ್ಡ ಮಕ್ಕಳಿದ್ದರೆ ಫಲಕದಲ್ಲಿ ಎತ್ತರದ ಕೆಳಗಿನ ಸಾಲನ್ನೂ ಓದಿ. ಲಾಕ್ ಪೂರ್ತಿ ಕೂರದಿದ್ದರೆ ಆಪರೇಟರ್ ಇಳಿಸುವ ತನಕ ಕಾಯಬೇಡಿ, ನೀವೇ ಕೂಗಿ ಹೇಳಿ.

ಸಪೂರ ಮಕ್ಕಳಿಗೂ ಹಾಗೇ. ಬಾರ್ ಕೂತ ಮೇಲೆ ನನ್ನ ಅಂಗೈ ಅಡ್ಡಡ್ಡ ಒಳಗೆ ಹೋಗುವಷ್ಟು ಸಡಿಲ ಇದ್ದರೆ ನಾನು ಇಳಿಸಿಕೊಳ್ಳುತ್ತೇನೆ. ಇದು ನನ್ನ ನಿಯಮ, ಯಾವ ಪುಸ್ತಕದ್ದೂ ಅಲ್ಲ.

ಮಕ್ಕಳ ರೈಡಿಗೆ ನನ್ನನ್ನು ಯಾಕೆ ಬಿಡುವುದಿಲ್ಲ?

ಆ ಪುಟ್ಟ ರೈಲು, ಕಪ್ಪೆ, ಅಣಬೆ ಎಲ್ಲ ಮಕ್ಕಳ ತೂಕಕ್ಕೆ ಮಾಡಿದ್ದು. ಅಲ್ಲಿ ಎತ್ತರಕ್ಕೆ ಮೇಲಿನ ಗೆರೆ ಇರುತ್ತದೆ. ಹೊರಗೆ ನಿಂತು ಕೈ ಬೀಸಿ.

ನೀರಿನ ಕಡೆಗೂ ಎತ್ತರ ಬೇಕಾ?

ಬೇಕು, ಕಾರಣ ಬೇರೆ. ದೊಡ್ಡ ಜಾರುಗಳಲ್ಲಿ ಮಗು ಹಗುರ ಇದ್ದರೆ ಮಧ್ಯದಲ್ಲೇ ನಿಂತುಬಿಡಬಹುದು, ಹಿಂದಿನಿಂದ ಬಂದವರು ಗುದ್ದುತ್ತಾರೆ. ಕೆಳಗೆ ಬಿದ್ದಾಗ ಕಾಲು ನೆಲಕ್ಕೆ ತಾಗಿ ಮೂಗು ನೀರಿನ ಮೇಲಿರಬೇಕು.

ಅಲೆಗಳ ಕೊಳದ ಬಗ್ಗೆ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ, ರೋಲರ್ ಕೋಸ್ಟರಿಗಿಂತಲೂ. ಅಲ್ಲಿ ಬೆಲ್ಟಿಲ್ಲ, ಸೀಟಿಲ್ಲ, ಒಂದೊಂದೇ ಮಗುವನ್ನು ನೋಡುವವರೂ ಇಲ್ಲ. ಮೊಣಕಾಲಷ್ಟು ನೀರು ಅಲೆ ಬಂದಾಗ ಮಗುವಿನ ಎದೆಗೆ ಬರುತ್ತದೆ. ಮುಳುಗುವ ಮಗು ಸಿನಿಮಾದ ಹಾಗೆ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ, ಉಸಿರಿಗೇ ಹೆಣಗಾಡುತ್ತಾ, ಸದ್ದಿಲ್ಲದೆ ಮುಳುಗುತ್ತದೆ. ಪಕ್ಕದಲ್ಲಿ ಹಾಡು, ಕಿರುಚಾಟ. ಲೈಫ್ ಜಾಕೆಟ್ ಕೊಟ್ಟರೆ ಹಾಕಿಸಿ, ಕೆಳಗಿನ ಪಟ್ಟಿಯನ್ನೂ ಕಟ್ಟಿ. ಗಾಳಿ ತುಂಬಿದ ಕೈಪಟ್ಟಿ ಆಟದ ಸಾಮಾನು, ಅದನ್ನು ನಂಬಬೇಡಿ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಒಬ್ಬರು ಇರಲೇಬೇಕು, ಆ ಒಬ್ಬರ ಕೈಯಲ್ಲಿ ಫೋನ್ ಇರಬಾರದು. "ನೀನು ನೋಡ್ತಿದ್ದೀಯ ಅಂದ್ಕೊಂಡೆ" ಎಂದು ಇಬ್ಬರೂ ಹೇಳುವ ಪರಿಸ್ಥಿತಿ ಬರಬಾರದು. ನಾವು ಸರದಿ ಹಾಕಿಕೊಂಡು, ಬಾಯಿಬಿಟ್ಟು "ಈಗ ನಿಂದು" ಎಂದು ಒಪ್ಪಿಸುತ್ತೇವೆ.

ಅಕ್ಕ ಹತ್ತಬಹುದು, ತಮ್ಮ ಹತ್ತುವ ಹಾಗಿಲ್ಲ. ದಿನ ಹೇಗೆ ಕಳೆಯುವುದು?

ಪಾರ್ಕಿನ ವೆಬ್‌ಸೈಟಿನಲ್ಲಿ ರೈಡುಗಳ ಪಟ್ಟಿ, ಎತ್ತರದ ಸಮೇತ, ಇರುತ್ತದೆ. ಹಿಂದಿನ ರಾತ್ರಿ ಕೂತು ಎರಡು ಬಣ್ಣದಲ್ಲಿ ಗುರುತು ಮಾಡಿ. ಮಗನಿಗೆ ಅವನದೇ ಪಟ್ಟಿ ಕೊಡಿ. "ಇದು ನಿನಗಿಲ್ಲ" ಎಂಬ ಪಟ್ಟಿ ಅಲ್ಲ, "ಇವಿಷ್ಟು ನಿನ್ನವು" ಎಂಬ ಪಟ್ಟಿ.

ದೊಡ್ಡ ಸಾಲಿಗೆ ಒಬ್ಬರು ಅಕ್ಕನ ಜೊತೆ, ಇನ್ನೊಬ್ಬರು ತಮ್ಮನ ಜೊತೆ. ಡಿಸ್ನಿಯಲ್ಲಿ ಒಬ್ಬರು ಮಗುವಿನ ಜೊತೆ ಕಾದರೆ, ಅವರು ಮತ್ತೆ ಪೂರ್ತಿ ಸಾಲು ನಿಲ್ಲದೆ ಸರದಿ ಬದಲಿಸಿಕೊಳ್ಳುವ ವ್ಯವಸ್ಥೆಯೇ ಇದೆ. ನಮ್ಮಲ್ಲಿ ಗೇಟಿನವರನ್ನು ಒಂದು ಮಾತು ಕೇಳಿ ನೋಡಿ, ಜನ ಕಮ್ಮಿ ಇದ್ದರೆ ಒಪ್ಪುವವರಿದ್ದಾರೆ. ಶನಿವಾರ ಭಾನುವಾರ ಬಿಟ್ಟು ಹೋದರೆ ಅರ್ಧ ಸಮಸ್ಯೆ ಇರುವುದೇ ಇಲ್ಲ.

ಅತ್ತೆಯನ್ನೋ ಚಿಕ್ಕಮ್ಮನನ್ನೋ ಕರೆದುಕೊಂಡು ಹೋಗಿ. ಬಿಪಿ ಇದೆ, ತಲೆಸುತ್ತು ಇದೆ ಎಂದು ಹತ್ತದವರು ಒಬ್ಬರಿದ್ದರೆ ಬ್ಯಾಗು, ಚಪ್ಪಲಿ, ಸಣ್ಣ ಮಗು ಎಲ್ಲ ಅವರ ಪಾಲು. ಅವರಿಗೆ ಊಟ ನಿಮ್ಮ ಲೆಕ್ಕದಲ್ಲಿರಲಿ.

ಎತ್ತರ ಬಂದಿದೆ, ಆದರೆ ಹೆದರುತ್ತಾನೆ. ಒಂದು ಸಲ ಕೂರಿಸಿಬಿಟ್ಟರೆ ಭಯ ಹೋಗುತ್ತಲ್ವಾ?

ಹೋಗುವುದಿಲ್ಲ, ಮನಸ್ಸಿನಲ್ಲೇ ಕೂರುತ್ತದೆ. ಹೆದರಿದ ಮಗು ಮಧ್ಯದಲ್ಲಿ ಇಳಿಯಲು ನೋಡುತ್ತದೆ, ಅದೇ ದೊಡ್ಡ ಅಪಾಯ. ಎರಡು ಸುತ್ತು ಹೊರಗೆ ನಿಂತು ನೋಡಲಿ. ಇಳಿದವರ ಮುಖ ನೋಡಲಿ. ಆಮೇಲೂ ಬೇಡ ಎಂದರೆ ಬೇಡ.

ವಾಂತಿಯ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಎರಡರಿಂದ ಹನ್ನೆರಡು ವರ್ಷದವರಿಗೆ ತಿರುಗಿದರೆ ಹೊಟ್ಟೆ ತೊಳಸುವುದು ಜಾಸ್ತಿ. ಮಡಿಕೇರಿ ಘಾಟಿಯಲ್ಲಿ ವಾಂತಿ ಮಾಡುವ ಮಗು ಗಿರಗಿರ ತಿರುಗುವ ಕಪ್ ಸಾಸರ್ ರೈಡಿನಲ್ಲೂ ಮಾಡುತ್ತದೆ. ಹೋಗುವ ದಾರಿಯಲ್ಲಿ ಬಿಡದಿ ತಟ್ಟೆ ಇಡ್ಲಿ ಬಿಡುವುದು ಯಾರಿಂದಲೂ ಆಗದು, ಗೊತ್ತು. ಒಂದೇ ಸಾಕು, ಬೆಣ್ಣೆ ಕಮ್ಮಿ ಇರಲಿ.

ಜಾತ್ರೆ, ಪರಿಷೆ, ವಸ್ತುಪ್ರದರ್ಶನದ ರೈಡುಗಳಲ್ಲಿ ಯಾವ ಗೆರೆಯೂ ಇರುವುದಿಲ್ಲ. ಹತ್ತಿಸಬಹುದಾ?

ಗೆರೆ ಇಲ್ಲದ ಕಡೆ ಗೆರೆ ಎಳೆಯಬೇಕಾದವರು ನಾವು. ಮೈದಾನಕ್ಕೆ ಬರುವ ಜೈಂಟ್ ವೀಲ್, ಬ್ರೇಕ್ ಡ್ಯಾನ್ಸ್, ಟೋರಾ ಟೋರಾ ಇವೆಲ್ಲ ಲಾರಿಯಲ್ಲಿ ಬಂದು, ಬೋಲ್ಟ್ ಹಾಕಿ ನಿಲ್ಲಿಸಿ, ಹತ್ತು ಹದಿನೈದು ದಿನಕ್ಕೆ ಬಿಚ್ಚಿಕೊಂಡು ಹೋಗುವಂಥವು. ಎತ್ತರದ ಕಂಬ ಇಲ್ಲ ಎಂದಮಾತ್ರಕ್ಕೆ ಮೂರು ವರ್ಷದ ಮಗುವಿಗೆ ಸರಿ ಎಂದಲ್ಲ.

ನಾನು ಒಂದು ಸುತ್ತು ಪೂರ್ತಿ ನಿಂತು ನೋಡುತ್ತೇನೆ. ತೊಟ್ಟಿಲಿಗೆ ಬಾಗಿಲಿದೆಯಾ, ಚಿಲಕ ತಾನಾಗಿ ಬೀಳುತ್ತಾ, ಇಲ್ಲ ತಂತಿ ಸುತ್ತಿದ್ದಾರಾ? ಕೂತ ಮಗುವಿನ ಎದೆಯ ಮಟ್ಟಕ್ಕಾದರೂ ಅಡ್ಡಪಟ್ಟಿ ಇದೆಯಾ? ಕೆಳಗೆ ಇಟ್ಟಿಗೆ, ಮರದ ತುಂಡು ಕೊಟ್ಟು ಮಟ್ಟ ಮಾಡಿದ್ದರೆ ಅದು ಅಲುಗುತ್ತಿದೆಯಾ? ನಡೆಸುವವನು ಲಿವರ್ ಬಿಟ್ಟು ಟಿಕೆಟ್ ಹರಿಯಲು ಹೋಗುತ್ತಾನಾ? ಒಂದು ಪರಿಷೆಯಲ್ಲಿ ಆಪರೇಟರನ್ನೇ ಕೇಳಿದೆ, "ಅಣ್ಣಾ, ನಿಮ್ಮ ಮಗುವನ್ನು ಇದರಲ್ಲಿ ಕೂರಿಸುತ್ತೀರಾ?" ಅವನು ನಕ್ಕು, ಕೈಯಿಂದ ತಿರುಗಿಸುವ ಪುಟ್ಟ ಕುದುರೆಗಳ ಕಡೆ ತೋರಿಸಿದ. ನಾವು ಕುದುರೆ ಹತ್ತಿ, ಕಡಲೆಕಾಯಿ ತಗೊಂಡು ಬಂದೆವು.

ಮಾಲಿನ ಟ್ರ್ಯಾಂಪೊಲಿನ್, ಗಾಳಿ ತುಂಬಿದ ಕೋಟೆ?

ಇವುಗಳಲ್ಲಿ ಎತ್ತರಕ್ಕಿಂತ ಬೆರಕೆಯೇ ಸಮಸ್ಯೆ. ನಲವತ್ತು ಕಿಲೋದ ಅಣ್ಣ ಕುಪ್ಪಳಿಸಿದಾಗ ಪಕ್ಕದಲ್ಲಿರುವ ಹದಿನೈದು ಕಿಲೋದ ಮಗು ಅದರಷ್ಟಕ್ಕೆ ಹಾರಿಹೋಗುತ್ತದೆ. ಒಂದು ಹಾಸಿಗೆಗೆ ಒಂದೇ ಮಗು. ಆರು ವರ್ಷದೊಳಗಿನವರಿಗೆ ಟ್ರ್ಯಾಂಪೊಲಿನ್ ಬೇಡ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಬಹಳ ಹಿಂದಿನಿಂದ ಹೇಳುತ್ತಿದೆ. ಗಾಳಿ ಕೋಟೆ ಬಯಲಿನಲ್ಲಿದ್ದು ಗಾಳಿ ಜೋರಾದರೆ ಮಕ್ಕಳನ್ನು ಇಳಿಸಿಬಿಡಿ.

ಉಡಿದಾರ, ಕಾಲ್ಗೆಜ್ಜೆ, ಬಳೆ ಬಿಚ್ಚಿಸಬೇಕಾ?

ಉಡಿದಾರ ಬಟ್ಟೆಯೊಳಗಿದ್ದರೆ ಇರಲಿ. ಕುತ್ತಿಗೆಯ ದಾರ, ತಾಯತ, ಉದ್ದ ಸರ, ಗೆಜ್ಜೆ, ಗಾಜಿನ ಬಳೆ ಮನೆಯಲ್ಲೇ ಬಿಚ್ಚಿ. ಉದ್ದ ಜಡೆಯನ್ನು ಕಟ್ಟಿ ಅಂಗಿಯೊಳಗೆ ಹಾಕಿ. ಗೋ-ಕಾರ್ಟ್ ಇದ್ದರೆ ಇನ್ನೂ ಹುಷಾರು. ಹಿಂದಿನ ಚಕ್ರದ ಅಚ್ಚಿಗೆ ಜಡೆಯೋ ದುಪಟ್ಟಾವೋ ಸುತ್ತಿಕೊಂಡು ದೊಡ್ಡವರೇ ಪ್ರಾಣ ಕಳೆದುಕೊಂಡಿದ್ದಾರೆ. ಈ ನಿಯಮ ಅಮ್ಮಂದಿರಿಗೂ ಸೇರಿ.

ಮಗುವಿಗೆ ಆರೋಗ್ಯದ ತೊಂದರೆ ಇದೆ. ಎತ್ತರ ಒಂದೇ ನೋಡಿದರೆ ಸಾಕಾ?

ಸಾಲದು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಕತ್ತಿನ ಮೇಲಿನ ಎರಡು ಮೂಳೆಗಳ ಕೀಲು ಸಡಿಲ ಇರುತ್ತದೆ. ಜೋರಾಗಿ ಕುಲುಕುವ ರೈಡ್ ಅವರಿಗೆ ಅಪಾಯ. ಹೃದಯದ ತೊಂದರೆ, ಫಿಟ್ಸ್, ಹೊಸದಾಗಿ ಪ್ಲಾಸ್ಟರ್ ಬಿಚ್ಚಿದ ಕೈಕಾಲು ಇದ್ದರೂ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ವರ್ಷಕ್ಕೆ ನಾಲ್ಕು ಸೆಂ.ಮೀ. ಕೂಡ ಬೆಳೆಯದ ಮಗುವಿದ್ದರೆ ಪಾರ್ಕಿನ ಯೋಚನೆ ಬಿಟ್ಟು, ಅದನ್ನೇ ಡಾಕ್ಟರಿಗೆ ತೋರಿಸಿ.

ಟಿಕೆಟ್ಟಿಗೂ ಎತ್ತರ ನೋಡುತ್ತಾರಂತೆ, ಹೌದಾ?

ಹೌದು. 2005ರಲ್ಲಿ ಬಿಡದಿ ಹತ್ತಿರ ಶುರುವಾದ ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ತೀರ್ಮಾನವಾಗುವುದು ಎತ್ತರದ ಮೇಲೆ. ಬರ್ತ್ ಸರ್ಟಿಫಿಕೇಟ್ ಹುಡುಕಬೇಡಿ, ಟೇಪು ಹುಡುಕಿ. ತಮಾಷೆ ಏನೆಂದರೆ, ಟಿಕೆಟ್ ಕೌಂಟರಿನಲ್ಲಿ ಮಂಡಿ ಬಗ್ಗಿಸಿ ನಿಲ್ಲು ಎಂದು ಪಿಸುಗುಟ್ಟುವವರೇ ರೈಡಿನ ಹತ್ತಿರ ನೆಟ್ಟಗೆ ನಿಲ್ಲು ಎನ್ನುತ್ತಾರೆ. ಮಕ್ಕಳು ಇದನ್ನೆಲ್ಲ ನೋಡುತ್ತಿರುತ್ತವೆ.

ಮಗುವಿಗೆ ಇನ್ನೂ ಎರಡೂವರೆ ವರ್ಷ. ಹೋಗಬೇಕಾ?

ದೊಡ್ಡ ಮಕ್ಕಳಿಗಾಗಿ ಹೋಗುತ್ತಿದ್ದರೆ ಜೊತೆಗೆ ಕರೆದುಕೊಂಡು ಹೋಗಿ, ಮೊಣಕಾಲುದ್ದದ ನೀರಲ್ಲಿ ಅದರ ಪಾಡಿಗೆ ಆಡುತ್ತದೆ. ಅದಕ್ಕೋಸ್ಕರವೇ ಅಂದರೆ ಬೇಡ. ಬಿಸಿಲು, ಸಾಲು, ನಿದ್ದೆ ತಪ್ಪುವುದು, ಸಂಜೆ ಕೆಂಗೇರಿ ಕಡೆಯ ಟ್ರಾಫಿಕ್ಕು. ಅದಕ್ಕಿಂತ ಕಬ್ಬನ್ ಪಾರ್ಕಿನ ಬಾಲಭವನಕ್ಕೆ ಹೋಗಿ. ಪುಟಾಣಿ ಎಕ್ಸ್‌ಪ್ರೆಸ್ ಓಡುತ್ತಿದ್ದರೆ ನೀವೂ ಪಕ್ಕದಲ್ಲಿ ಕೂರಬಹುದು. ಬನ್ನೇರುಘಟ್ಟದ ಚಿಟ್ಟೆ ಉದ್ಯಾನ ಇದೆ. ನಮ್ಮ ಮಗ ಆ ವಯಸ್ಸಿನಲ್ಲಿ ಎರಡು ತಿಂಗಳು ಮಾತಾಡಿದ್ದು ಯಾವ ರೈಡಿನ ಬಗ್ಗೆಯೂ ಅಲ್ಲ, ಚಲ್ಲಘಟ್ಟದ ತನಕ ಮೆಟ್ರೋದಲ್ಲಿ ಮುಂದಿನ ಬೋಗಿಯಲ್ಲಿ ನಿಂತು ಹೋಗಿದ್ದರ ಬಗ್ಗೆ. ಅವನು ಆಗ ಮೂರು ಅಡಿ ಇರಲಿಲ್ಲ, ಟಿಕೆಟ್ ಕೂಡ ಕೇಳಲಿಲ್ಲ.